ಚಾರಣದ ಬ್ಯಾಗ್: ಮೊದಲು ಹೊಲಿಗೆ ನೋಡಿ

ಮಾನ್ಯರೇ,

ಕುಮಾರ ಪರ್ವತದಂಥ ಚಾರಣಕ್ಕೆ ಬ್ಯಾಗ್ ಕೊಳ್ಳುವವರು ಲೀಟರ್, ಬಣ್ಣವಷ್ಟೇ ನೋಡುತ್ತಾರೆ. ಆದರೆ ಸಾಮಾನ್ಯವಾಗಿ ಮೊದಲು ಕಿತ್ತುಬರುವುದು ಭುಜಪಟ್ಟಿ ಬೆನ್ನಿಗೆ ಸೇರುವ ಹೊಲಿಗೆ. ಅಲ್ಲಿ ಒತ್ತೊತ್ತಾದ ಅಡ್ಡಹೊಲಿಗೆ ಇರಲೇಬೇಕು, ಜಗ್ಗಿ ನೋಡಿ. ತಳದ ನೈಲಾನ್ 420 ಡೆನಿಯರ್ (ನೂಲು ಎಷ್ಟು ದಪ್ಪ ಎಂಬುದರ ಅಳತೆ) ಅಥವಾ ಹೆಚ್ಚಿದ್ದರೆ ಬಂಡೆಗೆ ಉಜ್ಜಿದರೂ ತಾಳುತ್ತದೆ. ಅಂಗಡಿಯಲ್ಲೇ ಏಳೆಂಟು ಕಿಲೋ ತುಂಬಿಸಿ ಹೊತ್ತು, ಮೊದಲು ಸೊಂಟಪಟ್ಟಿ ಬಿಗಿಯಿರಿ. ಅದು ಸೊಂಟದ ಮೂಳೆಯ ಮೇಲೆ ಕೂತು ಬಹುಪಾಲು ಭಾರ ಹೊರಬೇಕು. ಹೆಗಲೇ ನೋಯುತ್ತಿದ್ದರೆ ಆ ಬ್ಯಾಗಿನ ಬೆನ್ನಳತೆ (ಕತ್ತಿನ ಬುಡದಿಂದ ಸೊಂಟದವರೆಗಿನ ಉದ್ದಕ್ಕೆ ತಕ್ಕ ಅಳತೆ) ಬಹುಶಃ ನಿಮಗೆ ಹೊಂದುವುದಿಲ್ಲ, ಎಷ್ಟೇ ರಿಯಾಯಿತಿ ಇದ್ದರೂ ಬಿಡಿ.

ಮಳೆಹೊದಿಕೆ ಬೆನ್ನಿನ ಬದಿಯನ್ನು ಮುಚ್ಚುವುದಿಲ್ಲ. ಘಟ್ಟದ ಮಳೆಗೆ ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಬೇಕೇ ಬೇಕು. ಒದ್ದೆ ಬ್ಯಾಗನ್ನು ಮಡಚಿ ಅಟ್ಟಕ್ಕೆ ಹಾಕಿದರೆ ನೀರು ತಡೆಯುವ ಒಳಲೇಪ ಅಂಟಂಟಾಗಿ ಸುಲಿಯುತ್ತದೆ, ನೆರಳಲ್ಲಿ ಒಣಗಿಸಿ. ಡೆನಿಯರ್ ಮತ್ತು ಬೆನ್ನಳತೆಯನ್ನು ಬೆಲೆಚೀಟಿಯಲ್ಲೇ ಮುದ್ರಿಸುವಂತೆ ಗ್ರಾಹಕರು ಮಾರಾಟಗಾರರನ್ನು ಒತ್ತಾಯಿಸಬೇಕು.

– ಚಾರಣಾಸಕ್ತರು, ಸುಳ್ಯ