ಮೊದಲು ಮಳೆ ಅಳೆಯಲು ಕಲಿಸಿ

ಮಾನ್ಯ ಸಂಪಾದಕರೇ,

ಮಾರ್ಚ್ 23 ವಿಶ್ವ ಹವಾಮಾನ ದಿನ. ಬೆಂಗಳೂರಿನಲ್ಲಿ ಆ ದಿನದ ಕಾರ್ಯಕ್ರಮ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಬ್ಯಾನರು ಕಟ್ಟುತ್ತಾರೆ, ಬಸ್ಸಿನಲ್ಲಿ ಶಾಲಾ ಮಕ್ಕಳನ್ನು ಕರೆತರುತ್ತಾರೆ, ಎರಡು ಉಪನ್ಯಾಸ, ಒಂದು ಕ್ವಿಜ್, ಗುಂಪು ಫೋಟೊ, ಊಟ. ಅಂತರರಾಷ್ಟ್ರೀಯ ವಾಯುಮಂಡಲ ಸಂಶೋಧನೆಯ ಹೆಸರಿನಲ್ಲಿ ಯುವ ವಿಜ್ಞಾನಿಗಳಿಗೆ ನಡೆಸುವ ತರಬೇತಿ ಶಿಬಿರಗಳೂ ಇದಕ್ಕಿಂತ ತೀರಾ ಬೇರೆಯಲ್ಲ. ಅಲ್ಲಿ ಬಸ್ಸಿನ ಬದಲು ವಿಮಾನ, ಕ್ವಿಜ್ ಬದಲು ಲ್ಯಾಪ್‌ಟಾಪ್, ಅಷ್ಟೆ. ಎರಡು ಕಡೆಯೂ ಕೊರತೆ ಒಂದೇ. ಬಂದವರ ಕೈಗೆ ಉಪಕರಣ ಸಿಗುವುದಿಲ್ಲ. ಯುವ ವಿಜ್ಞಾನಿಗಳ ತರಬೇತಿ ಬೇರೆ, ಜನರಿಗೆ ವಿಜ್ಞಾನ ತಲುಪಿಸುವುದು ಬೇರೆ ಎಂದು ಎರಡು ಬಜೆಟ್ ಮಾಡುವ ಬದಲು, ಅಳತೆ ಎಂಬ ಒಂದೇ ಕೆಲಸದ ಮೇಲೆ ಎರಡನ್ನೂ ನಿಲ್ಲಿಸಬೇಕೆಂದು ಕೇಳಲು ಈ ಪತ್ರ.

ಓಝೋನ್ ರಂಧ್ರದ ಕಥೆಯಲ್ಲಿ ಜನ ಮರೆತ ಒಂದು ತುಣುಕಿದೆ. ಜಾನಥನ್ ಶಾಂಕ್ಲಿನ್ ಎಂಬ ತರುಣ 1977ರಲ್ಲಿ ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆ ಸೇರಿದಾಗ ಅವರಿಗೆ ಸಿಕ್ಕಿದ್ದು ಗುಮಾಸ್ತಿಕೆಯಂಥ ಕೆಲಸ: ಅಂಟಾರ್ಕ್ಟಿಕದ ಹ್ಯಾಲಿ ನಿಲ್ದಾಣದಲ್ಲಿ, ನೆಲದಿಂದಲೇ ಓಝೋನ್ ಅಳೆಯುವ ಡಾಬ್ಸನ್ ಉಪಕರಣದಲ್ಲಿ ಓದಿ ಕೈಯಲ್ಲಿ ಬರೆದಿಟ್ಟ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸುವುದು. ಸಂಸ್ಥೆಯಲ್ಲಿ ಸಾರ್ವಜನಿಕರಿಗಾಗಿ ‘ಓಪನ್ ಡೇ’ ಇತ್ತು. ಸ್ಪ್ರೇ ಡಬ್ಬಿಗಳಿಂದ ಓಝೋನ್ ನಾಶವಾಗುತ್ತಿದೆ ಎಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲ. ಹಾಗೇನೂ ಇಲ್ಲ, ಈ ವರ್ಷದ ಅಂಕಿ 20 ವರ್ಷ ಹಿಂದಿನಂತೆಯೇ ಇದೆ ಎಂದು ಜನರಿಗೆ ತೋರಿಸಲು ಅವರು ಒಂದು ರೇಖಾಚಿತ್ರ ಮಾಡಹೊರಟರು. ಗೆರೆಗಳು ಹೊಂದಲಿಲ್ಲ. ಅಲ್ಲಿನ ವಸಂತದ ಓಝೋನ್ ವರ್ಷ ವರ್ಷಕ್ಕೂ ಇಳಿಯುತ್ತಿತ್ತು. ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಮೂವರ ಪ್ರಬಂಧ 1985ರಲ್ಲಿ ಪ್ರಕಟವಾಯಿತು. 1987ರಲ್ಲಿ ಓಝೋನ್ ಕೆಡಿಸುವ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದವೇ ಆಯಿತು. ಜನರಿಗೆ ತೋರಿಸಲೆಂದು ಹಳೆಯ ಅಳತೆಯ ಕಡತ ಬಿಚ್ಚಿದ್ದರಿಂದ ಕಂಡ ಸಂಗತಿ ಅದು.

ಅಂಥ ಕಡತ ನಮ್ಮಲ್ಲೂ ಇದೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿ.ಮೀ. ಮಳೆ ಸುರಿದು, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 133 ವರ್ಷಗಳ ದಾಖಲೆ ಮುರಿಯಿತೆಂದು ಎಲ್ಲ ಪತ್ರಿಕೆಗಳೂ ಬರೆದವು. ಹಳೆಯ ದಾಖಲೆ 1891ರ ಜೂನ್ 16ರದ್ದು, 101.6 ಮಿ.ಮೀ. ಆ ಸಂಖ್ಯೆಯನ್ನು 25.4ರಿಂದ ಭಾಗಿಸಿ ನೋಡಿ: ಸರಿಯಾಗಿ 4 ಅಂಗುಲ. ಅಂದು ಯಾರೋ ಅಂಗುಲದ ಲೆಕ್ಕದಲ್ಲಿ ಓದಿ ಪುಸ್ತಕದಲ್ಲಿ ಬರೆದಿಟ್ಟಿದ್ದಕ್ಕೇ ಇಂದು ಹೋಲಿಸಲು ನಮಗೊಂದು ಅಂಕಿ ಸಿಕ್ಕಿದ್ದು.

ಶಾಲೆಗಳಿಗೆ ಮಳೆಮಾಪಕ ಹಂಚುವ ಯೋಜನೆಗಳು ಆಗಾಗ ಬರುತ್ತವೆ, ವರ್ಷದೊಳಗೆ ಸಾಯುತ್ತವೆ. ಅದರ ಕಾರಣಗಳು ಬಹಳ ಸಣ್ಣವು. ಮೊದಲನೆಯದು ಲೆಕ್ಕದ್ದು. 10 ಸೆಂ.ಮೀ. ಬಾಯಿಯ ಆಲಿಕೆಯನ್ನು 6.5 ಸೆಂ.ಮೀ. ಅಗಲದ ಬಾಟಲಿಯ ಮೇಲಿಟ್ಟು, ಬಾಟಲಿಗೆ ಸ್ಕೇಲ್ ಹಿಡಿದು 50 ಮಿ.ಮೀ. ಮಳೆ ಎಂದು ಮಕ್ಕಳು ಬರೆಯುತ್ತಾರೆ. ನಿಜವಾದ ಮಳೆ 21 ಮಿ.ಮೀ. ಮಾತ್ರ. ಲೆಕ್ಕಕ್ಕೆ ಬರುವುದು ಆಲಿಕೆಯ ಬಾಯಿಯೇ ಹೊರತು ಬಾಟಲಿಯ ಅಗಲವಲ್ಲ. 10 ಸೆಂ.ಮೀ. ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ.; ಹಾಗಾಗಿ 1 ಮಿ.ಮೀ. ಮಳೆಗೆ 7.85 ಮಿ.ಲೀ. ನೀರು. ಔಷಧಿ ಅಂಗಡಿಯ ಸಿರಿಂಜಿನಲ್ಲಿ ನೀರು ಅಳೆದು 7.85ರಿಂದ ಭಾಗಿಸಿದರೆ ಆಯಿತು. ಏಳನೇ ತರಗತಿಯ ಗಣಿತ.

ಎರಡನೆಯದು ಜಾಗ. ಕಳ್ಳಕಾಕರ ಭಯಕ್ಕೆ ಮಾಪಕವನ್ನು ತಾರಸಿಗೆ ಏರಿಸುತ್ತಾರೆ. ಅಲ್ಲಿ ಗಾಳಿ ಹನಿಗಳನ್ನು ಬಾಯಿಯ ಮೇಲಿಂದಲೇ ಹಾರಿಸಿಕೊಂಡು ಹೋಗುತ್ತದೆ, ಮಳೆ ಕಡಿಮೆ ತೋರುತ್ತದೆ. ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಬೇಕು. ಅದಕ್ಕಿಂತ ತಗ್ಗಿದರೆ ನೆಲದ ಹನಿ ಚಿಮ್ಮಿ ಒಳಬೀಳುತ್ತದೆ, ಕಾಂಕ್ರೀಟ್ ಅಂಗಳದಲ್ಲಂತೂ ಇನ್ನೂ ಹೆಚ್ಚು. ಹತ್ತಿರದ ಗೋಡೆಯೋ ಮರವೋ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಬೇಕು. ಬೆಂಗಳೂರಿನ ಎಷ್ಟೋ ಶಾಲೆಗಳಲ್ಲಿ ಅಂಥ ಜಾಗವೇ ಇಲ್ಲವೆಂಬುದು ನಿಜ. ಇಲ್ಲದಿದ್ದರೆ ತಾರಸಿಯೇ ಇರಲಿ, ಆದರೆ ಹಾಗೆಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿರಲಿ.

ಮೂರನೆಯದು ಹೊತ್ತು ಮತ್ತು ರಜೆ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ. ಆ ಹೊತ್ತಿಗೆ ಶಾಲೆಯ ಗೇಟೇ ತೆರೆದಿರುವುದಿಲ್ಲ. ಪ್ರಾರ್ಥನೆಯ ವೇಳೆಗೆ ಓದಿದರೆ ತಪ್ಪಿಲ್ಲ, 9:45 ಎಂದೇ ಬರೆಯಲಿ. 8:30 ಎಂದು ಬರೆದರೆ ಮಾತ್ರ ತಪ್ಪು. ಸೋಮವಾರ ಸಿಗುವ ನೀರು ಎರಡು ದಿನದ್ದು. ಅದನ್ನು ಸೋಮವಾರದ ಮಳೆ ಎಂದು ಬರೆದರೆ ಸೋಮವಾರವೆಲ್ಲ ಬಿರುಮಳೆ, ಭಾನುವಾರವೆಲ್ಲ ಬರ! ಮಳೆ ಬರದ ದಿನ ಸೊನ್ನೆ, ಓದದ ದಿನ ಅಡ್ಡಗೆರೆ. ಇವೆರಡರ ವ್ಯತ್ಯಾಸ ತಿಳಿಯದೆ ಬರೆದ ಪುಸ್ತಕ ಯಾವ ಸಂಶೋಧನೆಗೂ ಒದಗುವುದಿಲ್ಲ. ಇನ್ನೂ ದೊಡ್ಡ ತೊಡಕೆಂದರೆ, ನಮ್ಮೂರಿನ ಗುಡುಗು ಮಳೆಯ ಕಾಲ ಏಪ್ರಿಲ್–ಮೇ, ಆಗ ಬೇಸಿಗೆ ರಜೆ. ಹಿಂಗಾರು ಶುರುವಾಗುವ ಅಕ್ಟೋಬರಿನಲ್ಲಿ ದಸರಾ ರಜೆ. ಮಾಪಕ ಕೊಡುವಾಗಲೇ ಶಾಲೆಯ ಪಕ್ಕದ ಅಂಗಡಿಯವರನ್ನೋ ಬಿಸಿಯೂಟದ ಅಮ್ಮನನ್ನೋ ಒಪ್ಪಿಸಿ, ಅವರಿಗೂ ಓದಲು ಕಲಿಸಿ ಬರಬೇಕು. ಒಂದು ದಿನದ ಶಿಬಿರದಲ್ಲಿ ಇದು ಆಗುವ ಮಾತಲ್ಲ.

ಹೀಗೆ ಎರಡು ವರ್ಷ ಓದಿದ ಶಾಲೆಗೆ ಆಡಲು ಎಷ್ಟೋ ಆಟಗಳಿವೆ. ‘ಆರಿದ್ರಾ ಮಳೆ ಆರದೆ ಹೊಡೆಯುತ್ತೆ’ ಎನ್ನುತ್ತಾರಲ್ಲ, ಆರಿದ್ರಾ ಸುಮಾರಾಗಿ ಜೂನ್ 21–22ಕ್ಕೆ ಹುಟ್ಟಿ ಎರಡು ವಾರ ಇರುತ್ತದೆ. ಆ ಎರಡು ವಾರದಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾದ ದಿನ ಎಷ್ಟು? ಇಲಾಖೆ ‘ಮಳೆಯ ದಿನ’ ಎನ್ನುವುದು ಅಂಥದ್ದನ್ನೇ. ಗಾದೆ ಬೆಂಗಳೂರಿಗೆ ಒಪ್ಪುತ್ತದೆಯೋ ಮಲೆನಾಡಿಗಷ್ಟೇ ಒಪ್ಪುತ್ತದೆಯೋ, ಮಕ್ಕಳೇ ಎಣಿಸಲಿ. ಮಳೆ ನಕ್ಷತ್ರಗಳನ್ನು ಮೂಢನಂಬಿಕೆ ಎಂದು ಪಕ್ಕಕ್ಕೆ ತಳ್ಳುವ ಉಪನ್ಯಾಸಕರಿಗೆ, ಅವು ವರ್ಷವನ್ನು ಸಮನಾಗಿ ಹಂಚಿದ ಸಿದ್ಧ ಕಾಲಕೋಷ್ಟಕ ಎಂಬುದು ಹೊಳೆಯದಿರುವುದೇ ಸೋಜಿಗ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಹಾಕಿದೆ. ಶಾಲೆಯ ಅಂಕಿಯನ್ನು ಹತ್ತಿರದ ಮಾಪಕದ ಅಂಕಿಗೆ ಹೋಲಿಸಲೂ ಬರುತ್ತದೆ.

ಮಾಪಕವೂ ಬೇಡವೆಂದರೆ ಫೋನ್ ಸಾಕು. ಹಲವು ಫೋನ್‌ಗಳಲ್ಲಿ ವಾಯುಭಾರ ಅಳೆಯುವ ಸೆನ್ಸರ್ ಇರುತ್ತದೆ. ಬೆಂಗಳೂರಿನಲ್ಲಿ ಅದು 910 ಹೆಕ್ಟೊಪಾಸ್ಕಲ್ ಆಸುಪಾಸು ತೋರಿಸುತ್ತದೆ. ಸುದ್ದಿಯಲ್ಲಿ 1010 ಎಂದು ಕೇಳಿದ ಹುಡುಗ ಚಂಡಮಾರುತ ಬಂತೆಂದು ಹೆದರಬೇಕಿಲ್ಲ. ನಾವಿರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ಸುದ್ದಿಯ ಅಂಕಿ ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ್ದು. ಫೋನನ್ನು ಒಂದೇ ಮೇಜಿನ ಮೇಲಿಟ್ಟು ಗಂಟೆಗೊಮ್ಮೆ ಬರೆದರೆ ಬೆಳಿಗ್ಗೆ 10ಕ್ಕೂ ರಾತ್ರಿ 10ಕ್ಕೂ ಏರಿಕೆ, ನಸುಕಿನ 4ಕ್ಕೂ ಸಂಜೆ 4ಕ್ಕೂ ಇಳಿಕೆ ಕಾಣುತ್ತದೆ. ಏರಿಳಿತ ಮೂರು ಹೆಕ್ಟೊಪಾಸ್ಕಲ್ ಆಸುಪಾಸು. ಮೇಲಿನ ಓಝೋನ್, ನೀರಾವಿ ಬಿಸಿಲು ಹೀರಿ ಕಾಯುವುದರಿಂದ ಇಡೀ ವಾಯುಮಂಡಲ ದಿನಕ್ಕೆರಡು ಸಲ ಉಬ್ಬರವಿಳಿತದಂತೆ ತೂಗುವ ಪರಿ ಅದು. ನಡುವೆ ಫೋನ್ ಎತ್ತಿಕೊಂಡು ಒಂದು ಮಹಡಿ ಹತ್ತಿದರೆ 0.3ರಷ್ಟು ಕುಸಿದು ಗೆರೆ ಕೆಡುತ್ತದೆ. ಆ ಕೆಡುಕೂ ಒಂದು ಪಾಠವೇ.

ಈಗ ಎಲ್ಲೆಲ್ಲೂ ಕಾಣುವ ಅಗ್ಗದ ಪಿಎಂ 2.5 (ಗಾಳಿಯಲ್ಲಿ ತೇಲುವ, 2.5 ಮೈಕ್ರಾನ್‌ವರೆಗಿನ ಸಣ್ಣ ಕಣ) ಸೆನ್ಸರಿನ ವಿಚಾರ. ಇದನ್ನು ಮಕ್ಕಳಿಗೆ ಕೊಟ್ಟು ‘ನಿಮ್ಮ ಬೀದಿಯ ಗಾಳಿ ಅಳೆಯಿರಿ’ ಎನ್ನುವ ಕಾರ್ಯಕ್ರಮಗಳು ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತವೆ, ಆದರೆ ಅರ್ಧ ಮಾತ್ರ ಹೇಳುತ್ತವೆ. ಸೆನ್ಸರ್ ಕಣಗಳನ್ನು ತೂಗುವುದಿಲ್ಲ. ಲೇಸರ್ ಬೆಳಕು ಕಣಗಳಿಗೆ ತಾಗಿ ಎಷ್ಟು ಚದುರಿತೆಂದು ನೋಡಿ ತೂಕವನ್ನು ಅಂದಾಜು ಮಾಡುತ್ತದೆ. ಜುಲೈ ಬೆಳಗಿನ ತೇವದಲ್ಲಿ ಕಣಗಳು ನೀರು ಕುಡಿದು ಉಬ್ಬುತ್ತವೆ, ಬೆಳಕು ಹೆಚ್ಚು ಚದುರುತ್ತದೆ, ಹೊಗೆ ಹೆಚ್ಚದಿದ್ದರೂ ಅಂಕಿ ಏರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಳಸುವಂಥ ಬೀಟಾ ಕಿರಣದ ಯಂತ್ರ ಒಳಗೆಳೆದ ಗಾಳಿಯನ್ನು ಬೆಚ್ಚಗೆ ಮಾಡಿ ತೇವ ಇಳಿಸಿಯೇ ಅಳೆಯುತ್ತದೆ. ರಸ್ತೆ ಧೂಳಿನ ದಪ್ಪ ಕಣಗಳಂತೂ ಅಗ್ಗದ ಸೆನ್ಸರಿಗೆ ಸರಿಯಾಗಿ ಸಿಗುವುದೇ ಇಲ್ಲ, ಅದು ಪಿಎಂ 10 (10 ಮೈಕ್ರಾನ್‌ವರೆಗಿನ ಕಣ) ಎಂದು ತೋರಿಸುವ ಅಂಕಿಯನ್ನು ನಂಬಿ ಕೆಟ್ಟವರು ಬಹಳ. ಸೆನ್ಸರುಗಳನ್ನು ಹಂಚುವ ಮೊದಲು ಎರಡರಿಂದ ನಾಲ್ಕು ವಾರ ಅಂಥ ಯಂತ್ರದ ಪಕ್ಕದಲ್ಲೇ ಇಟ್ಟು, ಪ್ರತಿಯೊಂದಕ್ಕೂ ಬೇರೆ ಬೇರೆ ತಿದ್ದುಪಡಿ ತೆಗೆಯಬೇಕು, ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ. ಅಡುಗೆಮನೆಯ ಕಿಟಕಿ, ಸೊಳ್ಳೆ ಬತ್ತಿ, ದೇವರ ಮನೆಯ ಊದುಬತ್ತಿ ಇವುಗಳಿಂದ ದೂರವಿಡಬೇಕು. ಪಿಎಂ 2.5ರ 24 ಗಂಟೆಯ ಸರಾಸರಿಗೆ ನಮ್ಮ ದೇಶದ ಮಿತಿ ಘನ ಮೀಟರ್ ಗಾಳಿಗೆ 60 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ 15, ಎರಡನ್ನೂ ಹೇಳಬೇಕು. ಒಂದು ಕ್ಷಣದ ಓದನ್ನು ಇವುಗಳಿಗೆ ಹೋಲಿಸುವುದು ತಪ್ಪೆಂದೂ ಹೇಳಬೇಕು.

ಯುವ ಸಂಶೋಧಕರ ಕಡೆಗೆ ಬರೋಣ. ಸಿ.ವಿ. ರಾಮನ್ ಅವರ ಬೆಂಗಳೂರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಅನ್ನಾ ಮಣಿ ಮುಂದೆ ಹವಾಮಾನ ಇಲಾಖೆ ಸೇರಿ, ಉಪಕರಣಗಳನ್ನು ದೇಶದಲ್ಲೇ ತಯಾರಿಸುವಂತೆಯೂ ಎಲ್ಲೆಡೆ ಒಂದೇ ಬಗೆಯಲ್ಲಿ ಅಳೆಯುವಂತೆಯೂ ಮಾಡಿದರು. 1976ರಲ್ಲಿ ನಿವೃತ್ತರಾಗಿ ಮತ್ತೆ ಬೆಂಗಳೂರಿಗೇ ಬಂದರು. 1999ರಲ್ಲಿ ಬಂಗಾಳ ಕೊಲ್ಲಿಯಲ್ಲಿ ನಡೆದ ‘ಬಾಬ್‌ಮೆಕ್ಸ್’, 2016ರಲ್ಲಿ ಬ್ರಿಟಿಷ್ ಸಂಶೋಧನಾ ವಿಮಾನ ಬೆಂಗಳೂರಿನಿಂದಲೂ ಹಾರಿದ ‘ಇನ್‌ಕಂಪಾಸ್’ ಎಂಬ ಮುಂಗಾರು ಅಧ್ಯಯನಗಳೆರಡರಲ್ಲೂ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುಂಚೂಣಿಯಲ್ಲಿದ್ದರು. ಇಂಥ ಊರಿನಲ್ಲಿ ತರಬೇತಿ ಎಂದರೆ ಹವಾಮಾನದ ಕಂಪ್ಯೂಟರ್ ಮಾದರಿಯ ಫೈಲ್ ಇಳಿಸಿಕೊಂಡು ಬಣ್ಣದ ನಕ್ಷೆ ಬರೆಯುವುದು ಎಂದಾಗಿದ್ದರೆ ಅದು ನಾಚಿಕೆಯ ಸಂಗತಿ. ಅಂಥ ನಕ್ಷೆಗಳಲ್ಲಿ ಮಳೆಯ ಅಂಕಿಯನ್ನು ಅಕ್ಷಾಂಶ ರೇಖಾಂಶದ ಚೌಕಗಳಲ್ಲಿ, ಚೌಕಕ್ಕೊಂದರಂತೆ ಕೊಡುತ್ತಾರೆ. ಕಾಲು ಡಿಗ್ರಿ ಚೌಕವೊಂದರ ಬದಿ ಸುಮಾರು 27 ಕಿ.ಮೀ.; ಹೆಚ್ಚುಕಡಿಮೆ ಇಡೀ ಬೆಂಗಳೂರಿನಷ್ಟು. ಯಲಹಂಕದಲ್ಲಿ ಸುರಿದು ಜಯನಗರ ಒಣಗಿದ್ದ ಸಂಜೆ ಆ ಚೌಕದಲ್ಲಿ ಹೇಗೆ ಕಾಣುತ್ತದೆ ಎಂಬುದು ಮಾಪಕ ಮುಟ್ಟಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ.

ಜರ್ಮನಿಯ ಝುಗ್‌ಸ್ಪಿಟ್ಝೆ ಪರ್ವತದ ಮೇಲೆ, 2650 ಮೀಟರ್ ಎತ್ತರದ ನಿಲ್ದಾಣದಲ್ಲಿ ವಿಶ್ವ ಹವಾಮಾನ ಸಂಸ್ಥೆಯ ಜಾಗತಿಕ ವಾಯುಮಂಡಲ ವೀಕ್ಷಣಾ ಜಾಲಕ್ಕಾಗಿ 2001ರಿಂದ ತರಬೇತಿ ನಡೆಯುತ್ತಿದೆ. ಅಲ್ಲಿಗೆ ಬರುವುದು ಮುಖ್ಯವಾಗಿ ನಾನಾ ದೇಶಗಳ ನಿಲ್ದಾಣಗಳಲ್ಲಿ ದಿನವೂ ಉಪಕರಣ ನೋಡಿಕೊಳ್ಳುವವರು. ಈ ಮೇಲ್ಪಂಕ್ತಿ ಇಲ್ಲಿಗೂ ಬೇಕು. ಹತ್ತು ದಿನದ ಶಿಬಿರವಾದರೆ ಮೂರು ದಿನ ಲ್ಯಾಪ್‌ಟಾಪ್ ಮುಚ್ಚಿಸಿ. ವಾಲುವ ಬಟ್ಟಲಿನ ಮಳೆಮಾಪಕವೊಂದನ್ನು ಬಿಚ್ಚಲಿ. ಬಾಯಿ 200 ಚದರ ಸೆಂ.ಮೀ., ಬಟ್ಟಲು ಒಮ್ಮೆ ವಾಲಿದರೆ 0.2 ಮಿ.ಮೀ. ಎಂದಾದರೆ ಪ್ರತಿ ವಾಲುವಿಕೆಗೆ 4 ಮಿ.ಲೀ. ಆಸ್ಪತ್ರೆಯ ಡ್ರಿಪ್ ಸೆಟ್‌ನಿಂದ 400 ಮಿ.ಲೀ. ನೀರನ್ನು ಒಂದು ಗಂಟೆಯಲ್ಲಿ ಬಿಟ್ಟರೆ 100 ಸಲ ವಾಲಬೇಕು. ಅದೇ ನೀರನ್ನು ಐದು ನಿಮಿಷದಲ್ಲಿ ಸುರಿದರೆ ಎಣಿಕೆ ಕಡಿಮೆ ಬರುತ್ತದೆ, ಏಕೆಂದರೆ ಬಟ್ಟಲು ವಾಲುತ್ತಿರುವ ಹೊತ್ತಿನಲ್ಲೂ ನೀರು ತುಂಬಿದ ಬಟ್ಟಲಿಗೇ ಬೀಳುತ್ತಿರುತ್ತದೆ. ನಗರ ಮುಳುಗಿಸುವ ಬಿರುಮಳೆಯನ್ನೇ ಮಾಪಕ ಕಡಿಮೆ ಹೇಳುತ್ತದೆಂದು ಆಗ ಕಣ್ಣಾರೆ ಕಾಣುತ್ತದೆ. ಜೇಡರ ಬಲೆ, ಹಕ್ಕಿ ಹಿಕ್ಕೆ ಕಟ್ಟಿಕೊಂಡ ಆಲಿಕೆಯನ್ನೂ ಹಾಗೇ ತೋರಿಸಿ, ತೊಳೆದು ಇಡಬೇಡಿ. ಗಾಳಿಯ ತೇವ ತಿಳಿಯಲು ಒದ್ದೆ ಬಟ್ಟೆ ಸುತ್ತಿಡುವ ‘ಒದ್ದೆ ಬಲ್ಬಿನ’ ಥರ್ಮಾಮೀಟರಿಗೆ ಕೊಳವೆಬಾವಿಯ ಗಡಸು ನೀರು ಹಾಕಿದರೆ ಬಟ್ಟೆಯ ಮೇಲೆ ಉಪ್ಪು ಕಟ್ಟಿ, ನೀರು ಸರಿಯಾಗಿ ಆರದೆ, ಗಾಳಿಯ ತೇವ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು, ಪೆಟ್ರೋಲ್ ಬಂಕಿನ ಹತ್ತಿರ ಸಿಗುತ್ತದೆ. ಮೂರನೆಯ ದಿನ ಇದೇ ಸಂಶೋಧಕರು ಇಬ್ಬಿಬ್ಬರಾಗಿ ಒಂದೊಂದು ಸರ್ಕಾರಿ ಶಾಲೆಗೆ ಹೋಗಿ ಮಾಪಕ ನೆಟ್ಟು ಬರಲಿ, ಹೊರಗಿನವರ ಜತೆಗೊಬ್ಬ ಕನ್ನಡದವರು. ಮರುವರ್ಷ ಆ ಶಾಲೆಯ ಪುಸ್ತಕ ತರಿಸಿ ನೋಡುವ ಹೊಣೆಯೂ ಅವರದೇ. ಸಮಯವಿಲ್ಲ ಎನ್ನುವಂತಿಲ್ಲ, ವೈಜ್ಞಾನಿಕ ಸಾಮಾಜಿಕ ಹೊಣೆಗಾರಿಕೆಯ 2022ರ ಕೇಂದ್ರ ಮಾರ್ಗಸೂಚಿ ವರ್ಷಕ್ಕೆ ಕನಿಷ್ಠ 10 ದಿನ ಇಂಥ ಕೆಲಸಕ್ಕೆಂದೇ ಹೇಳಿದೆ.

ಮಾತಿನ ವಿಷಯ ಒಂದಿದೆ. ಪಠ್ಯಪುಸ್ತಕದಲ್ಲಿ ಇಂದಿನ ಮಳೆಬಿಸಿಲು ‘ಹವಾಮಾನ’, ದಶಕಗಳ ಸರಾಸರಿ ‘ವಾಯುಗುಣ’. ಪತ್ರಿಕೆಗಳಲ್ಲಿ ಎರಡೂ ‘ಹವಾಮಾನ’ವೇ. ‘ನಿನ್ನೆ ಚಳಿಯಿತ್ತಲ್ಲ, ಹವಾಮಾನ ಬದಲಾವಣೆ ಎಲ್ಲಿ ಹೋಯಿತು?’ ಎಂದು ಮಕ್ಕಳು ಕೇಳುವುದಕ್ಕೆ ಅರ್ಧ ಕಾರಣ ನಾವು ಬಳಸುವ ಪದವೇ.

ಕೊನೆಗೆ ತಮ್ಮಲ್ಲೊಂದು ಬೇಡಿಕೆ. ‘ನಗರದಲ್ಲಿ 60 ಮಿ.ಮೀ. ಮಳೆ’ ಎಂದು ಅಚ್ಚು ಹಾಕುವಾಗ ಯಾವ ಬಡಾವಣೆಯ ಮಾಪಕ, ಯಾರ ಮಾಪಕ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬುದನ್ನೂ ಪಕ್ಕದಲ್ಲಿ ಹಾಕಿ. ಒಂದು ಸಾಲಿನ ಜಾಗ ಸಾಕು. ಶಾಲೆಯ ಪುಸ್ತಕ ಹಿಡಿದು ಕೂತ ಹುಡುಗಿಗೆ ತನ್ನ ಅಂಕಿಯನ್ನು ಯಾವುದಕ್ಕೆ ಹೋಲಿಸಬೇಕೆಂದು ಆಗ ತಿಳಿಯುತ್ತದೆ.

ಇತಿ,
ಹವಾಮಾನ ಉಪಕರಣ ಮತ್ತು ತರಬೇತಿ ಕೆಲಸದಲ್ಲಿರುವ ಓದುಗರು,
ಬೆಂಗಳೂರು