ಹಳೇ ನಡಾವಳಿ ಪುಸ್ತಕ ಉಳಿಸಿ, ಗ್ರಾಮಸಭೆ ನಡೆಸಿ

ಮಾನ್ಯ ಸಂಪಾದಕರೇ,

ಹೋದ ವಾರ ಇ-ಸ್ವತ್ತು (ಮನೆ, ನಿವೇಶನದ ಆನ್‌ಲೈನ್ ದಾಖಲೆ) ವಿಚಾರವಾಗಿ ನಮ್ಮ ಗ್ರಾಮ ಪಂಚಾಯ್ತಿಗೆ ಹೋಗಿದ್ದೆ. ಮೆಟ್ಟಿಲ ಕೆಳಗೆ ಹಳೇ ಪುಸ್ತಕಗಳ ರಾಶಿ ಬಿದ್ದಿತ್ತು. ಮೇಲಿನದನ್ನು ತೆಗೆದು ನೋಡಿದರೆ, ಗ್ರಾಮ ಪಂಚಾಯ್ತಿಗೂ ಮೊದಲಿದ್ದ ಮಂಡಲ ಪಂಚಾಯ್ತಿ ಕಾಲದ, ಸಭೆಯ ಚರ್ಚೆ ಬರೆದಿಡುವ ನಡಾವಳಿ ಪುಸ್ತಕ! ಅರ್ಧ ಗೆದ್ದಲು ತಿಂದಿದೆ. ಒಂದು ಪುಟದಲ್ಲಿ ಬೋರ್‌ವೆಲ್ ಎಲ್ಲಿ ಕೊರೆಸಬೇಕು ಅನ್ನುವ ಚರ್ಚೆ. ಕೆಳಗೆ ಸದಸ್ಯರ ಸಹಿ, ನಡುವೆ ಎರಡು ಹೆಬ್ಬೆಟ್ಟು, ಪಕ್ಕದಲ್ಲಿ ಹೆಂಗಸರ ಹೆಸರು.

ಆ ಹೆಬ್ಬೆಟ್ಟು ನೋಡಿ ಮನಸ್ಸು ತುಂಬಿ ಬಂತು. ಕರ್ನಾಟಕದ 1983ರ ಪಂಚಾಯ್ತಿ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದಾಗ ಮಂಡಲಗಳಲ್ಲಿ ನೂರಕ್ಕೆ 25 ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. ದೇಶದ ಪಂಚಾಯ್ತಿಗಳಲ್ಲಿ ಹೆಣ್ಣುಮಕ್ಕಳಿಗೆ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿ ಬರುವ ಮೊದಲೇ ಆದ ಕೆಲಸ ಇದು. ಆ ಕಾಯ್ದೆ ತಂದ, ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದ ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬರನ್ನು ಹಳ್ಳಿಯವರು ‘ನೀರ್ ಸಾಬ್’ ಅಂತ ಕರೆದದ್ದು ಸುಮ್ನೆ ಅಲ್ಲ. 1993ರ ಕಾಯ್ದೆ ಬಂದ ಮೇಲೆ ಮಂಡಲ ಹೋಗಿ ಗ್ರಾಮ ಪಂಚಾಯ್ತಿ ಆಯಿತು.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು ಅನ್ನುತ್ತದೆ ಕಾಯ್ದೆ. ನಮ್ಮೂರಲ್ಲಿ ಡಂಗುರವೂ ಇಲ್ಲ, ಚೀಟಿಯೂ ಇಲ್ಲ. ಸಹಿ ಪುಸ್ತಕ ಮಾತ್ರ ಮನೆ ಬಾಗಿಲಿಗೇ ಬರುತ್ತದೆ. ‘ಇಲ್ಲೊಂದು ಸಹಿ ಹಾಕಿಬಿಡಿ ಅಣ್ಣ’ ಅಂತಾರೆ. ಸಭೆಯೇ ಸೇರದಿದ್ದರೆ ಚರಂಡಿಗೆ ಎಷ್ಟು ಖರ್ಚಾಯಿತು ಅಂತ ಎಲ್ಲಿ ಕೇಳುವುದು? ಓದು ಬಾರದ ಆ ಇಬ್ಬರು ಹೆಂಗಸರು ಸಭೆಗೆ ಬಂದು ಕೂತು ಹೆಬ್ಬೆಟ್ಟು ಒತ್ತಿದ್ದರು ಅಲ್ವಾ?

ಹಳೇ ನಡಾವಳಿಗಳನ್ನು ಪೂರ್ತಿ ಹಾಳಾಗುವ ಮೊದಲು ಸ್ಕ್ಯಾನ್ ಮಾಡಿಸಿ. ಗ್ರಾಮಸಭೆಯ ದಿನವನ್ನು ವಾರ ಮೊದಲೇ ಡಂಗುರ ಸಾರಿಸಿ. ಜಿಲ್ಲಾ ಪಂಚಾಯ್ತಿ ಅಧಿಕಾರಿಗಳು ಈ ಎರಡು ಕೆಲಸ ಬೇಗ ಮಾಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಗ್ರಾಮಸ್ಥ