ಮಣ್ಣಿನ ಹಡಗಿನೊಳಗೆ ಇಣುಕಿ

ಪ್ರೀತಿಯ ಸುಧಾಕರ,

ಗ್ರೀಕರ ಮಡಕೆಗಳ ಮೇಲೆ ಅಷ್ಟೊಂದು ಹಡಗಿನ ಚಿತ್ರಗಳಿರುವಾಗ, ಆಟಿಕೆಯಂತಿರುವ ಮಣ್ಣಿನ ಮಾದರಿಗಳ ಹಿಂದೆ ಯಾಕೆ ಬಿದ್ದಿದ್ದೀಯ ಎಂದು ನೀನು ಕೇಳಿದ್ದೆ. ಚಿತ್ರ ಹಡಗಿನ ಒಂದು ಮಗ್ಗುಲನ್ನು ಮಾತ್ರ ತೋರಿಸುತ್ತದೆ ಕಣೋ. ಮಣ್ಣಿನದಾದರೆ ಬಗ್ಗಿ ಒಳಗೂ ನೋಡಬಹುದು.

ಸೈಪ್ರಸ್‌ನ ದಕ್ಷಿಣ ಕರಾವಳಿಯ ಅಮಾಥಸ್‌ನಲ್ಲಿ ಸಿಕ್ಕ, ಕ್ರಿ.ಪೂ. 6ನೇ ಶತಮಾನದ ಸುಮಾರಿನ ಸರಕು ಹಡಗಿನ ಮಾದರಿಯೊಂದರ ಚಿತ್ರ ಈಗಲೂ ನನ್ನ ಮೇಜಿನ ಮೇಲಿದೆ. ಬಸುರಿಯ ಹೊಟ್ಟೆಯಂತೆ ಉಬ್ಬಿದ ಒಡಲು. ಒಳಗೆ ಹಾಯಿಮರ ನೆಡಲು ಒಂದು ಗೂಡು. ಆ ಒಡಲನ್ನು ನೋಡಿದರೆ ಸಾಕು, ಇದು ಓಟಕ್ಕಲ್ಲ, ಹೊರೆಗೆ ಕಟ್ಟಿದ್ದು ಎಂದು ತಿಳಿಯುತ್ತದೆ.

ಹೋದ ತಿಂಗಳು ಜೇಡಿಮಣ್ಣು ತಂದು ನಾನೂ ಒಂದನ್ನು ಮಾಡಿದೆ. ಒಂದು ಮೊಳ ಉದ್ದ ಹಿಡಿದಾಗ ಗೋಡೆಗಳು ಹೊರಕ್ಕೆ ಬಾಗಿದವು, ಮೂತಿ ಜೋತುಬಿತ್ತು. ಉದ್ದ ಕುಗ್ಗಿಸಿ ಗೋಡೆ ದಪ್ಪ ಮಾಡಿದ ಮೇಲೆಯೇ ಅದು ನಿಂತದ್ದು. ಅಂದಿನಿಂದ ಇಂಥ ಮಾದರಿಯ ಉದ್ದ, ಅಗಲ ಅಳೆದು ನಿಜವಾದ ಹಡಗಿನ ಅಳತೆ ಹೇಳುವುದನ್ನು ನಾನು ಒಪ್ಪುವುದಿಲ್ಲ. ಕುಂಬಾರ ಬಡಗಿಯಲ್ಲ. ಆದರೆ ಹಾಯಿಮರದ ಗೂಡಿಗಾಗಿ ಅವನು ಬೇರೆಯೇ ಒಂದು ಮುದ್ದೆ ಮಣ್ಣು ತೆಗೆದುಕೊಂಡು, ತಟ್ಟಿ, ಕೂರಿಸಿದ್ದಾನಲ್ಲ, ಆ ಶ್ರಮವನ್ನು ನಂಬುತ್ತೇನೆ.

ಇನ್ನೂ ಹಳೆಯ, ಗ್ರೀಸ್‌ನ ಕಂಚಿನ ಯುಗದ ಕೊನೆಯ ಘಟ್ಟವಾದ ಮೈಸೀನಿಯನ್ ಕಾಲದ ಕೆಲವು ಮಾದರಿಗಳಲ್ಲಿ ಒಳಗೋಡೆಗೆ ಅಡ್ಡಡ್ಡ ಬಣ್ಣದ ಪಟ್ಟೆಗಳಿವೆ. ಅವು ಹಡಗಿನ ಪಕ್ಕೆಲುಬುಗಳು, ಅಂದರೆ ಹಲಗೆಗಳಿಗೆ ಒಳಗಿನಿಂದ ಆಸರೆಯಾಗುವ ಬಾಗಿದ ಮರಗಳು. ಮೊದಲು ಪಕ್ಕೆಲುಬು ನಿಲ್ಲಿಸಿ ಆಮೇಲೆ ಹಲಗೆ ಬಡಿದಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. 1965ರಲ್ಲಿ ಸೈಪ್ರಸ್‌ನ ಕೈರೇನಿಯಾ ಬಳಿ ಮುಳುಗುಗಾರನೊಬ್ಬನ ಕಣ್ಣಿಗೆ ಬಿದ್ದ, ಕ್ರಿ.ಪೂ. 4ನೇ ಶತಮಾನದ ಹಡಗು ತದ್ವಿರುದ್ಧವಾದುದನ್ನು ಹೇಳಿತು. ಹಲಗೆಯ ಅಂಚಿನಲ್ಲಿ ಉಳಿಯಿಂದ ಕಂಡಿ ಕೊರೆದು, ಗಟ್ಟಿಮರದ ಚಪ್ಪಟೆ ನಾಲಗೆಯನ್ನು ಅರ್ಧ ಈ ಹಲಗೆಗೆ, ಅರ್ಧ ಆ ಹಲಗೆಗೆ ಕೂರಿಸಿ, ಕದಲದಂತೆ ಮರದ ಮೊಳೆ ಹೊಡೆದಿದ್ದರು. ಹಲಗೆಯ ಚಿಪ್ಪು ಮೊದಲು, ಪಕ್ಕೆಲುಬು ಆಮೇಲೆ! ಸುಮಾರು 14 ಮೀಟರ್ ಉದ್ದದ ಹಡಗು ಹೀಗೆ ಎದ್ದಿತ್ತು. ಕೆಲಸದ ಈ ಕ್ರಮವನ್ನು ಮಣ್ಣು ಹೇಳಲಾರದು. ಆದರೆ ಮುಳುಗಿದ ಹಡಗುಗಳಲ್ಲಿ ಕೆಸರು ಮುಚ್ಚಿದ ತಳ ಉಳಿದು, ಅಂಚುಗಟ್ಟೆ, ಚುಕ್ಕಾಣಿಗಳಂಥ ಮೇಲಿನ ಭಾಗಗಳು ಹೆಚ್ಚಾಗಿ ಹುಳುಗಳ ಪಾಲಾಗುತ್ತವೆ. ಅವನ್ನು ಕಾಣಬೇಕಾದರೆ ಮತ್ತೆ ಕುಂಬಾರನ ಬಳಿಗೇ ಬರಬೇಕು.

ಎಲ್ಲ ಗ್ರೀಕರೂ ನಾಲಗೆ ಕೂರಿಸುತ್ತಿರಲಿಲ್ಲ. 1993ರಲ್ಲಿ, ಹಿಂದೆ ಗ್ರೀಕರು ನೆಲೆಸಿದ್ದ ಫ್ರಾನ್ಸಿನ ಮಾರ್ಸೇಲ್ ಪಟ್ಟಣದ ನೆಲದಡಿ ಸಿಕ್ಕ ಕ್ರಿ.ಪೂ. 6ನೇ ಶತಮಾನದ ದೋಣಿಯ ಹಲಗೆಗಳನ್ನು ನಾರಗಸೆಯ ದಾರದಿಂದ ಹೊಲಿದಿದ್ದರು. ಹೊಲಿದ ದೋಣಿ ಎಂದ ಕೂಡಲೇ ನಿನಗೆ 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ನೆನಪಾಗಿರಬೇಕು. ತೆಂಗಿನ ನಾರಿನ ಹಗ್ಗದಿಂದ ಹೊಲಿದ ಆ ಹಡಗಿನ ರೂಪಕ್ಕೆ ಅಜಂತಾದ ಗೋಡೆಚಿತ್ರವೇ ಆಧಾರ. ಅಲ್ಲಿಯೂ ಕಾಣುವುದು ಒಂದೇ ಮಗ್ಗುಲು. ಉಳಿದದ್ದನ್ನೆಲ್ಲ ಕಟ್ಟುವವರು ಲೆಕ್ಕಹಾಕಿ ತುಂಬಬೇಕಾಯಿತು. ಆ ಕಾಲದ ಕುಂಬಾರನೊಬ್ಬನ ಹಡಗು ಅವರ ಕೈಗೆ ಸಿಕ್ಕಿದ್ದರೆ!

ನನ್ನದು ಜಗುಲಿಯ ನೆರಳಿನಲ್ಲಿ ಒಣಗುತ್ತಿದೆ. ಬರುವಾಗ ಒಂದು ತೆಳ್ಳನೆಯ ಬಿದಿರುಕಡ್ಡಿ ತಾ, ಹಾಯಿಮರದ ಗೂಡು ಇನ್ನೂ ಖಾಲಿ ಇದೆ.

ನಿನ್ನ ಗೆಳೆಯ